ಸಕ್ಕರೆಯನ್ನೂ ಋಣ ಅಯಾನುಗಳನ್ನೂ ಗುರುತಿಸುವ ಕೃತಕ ಅಣುಗಳು

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಕ್ರೀಡಾದಿನದಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಓಟದ ಪಂದ್ಯ ಮುಗಿಸಿ ಬಂದವಳೇ ಬೆವತು, ಕೈಕಾಲು ನಡುಗಿ, ಕುಸಿದು ಕುಳಿತುಬಿಟ್ಟಳು. ಬಿಸಿಲಿನ ತಾಪವೆಂದು ಬಗೆದು ನಾವು ಉಪಾಧ್ಯಾಯರೆಲ್ಲ ಅವಳನ್ನು ನೆರಳಿಗೆ ಕರೆದೊಯ್ದು ಗಾಳಿ ಬೀಸಿದೆವು. ಅವಳ ಗೆಳತಿಯೊಬ್ಬಳು ಮಾತ್ರ ತರಗತಿಗೆ ಓಡಿಹೋಗಿ, ಚೀಲದಲ್ಲಿದ್ದ ಸಕ್ಕರೆಯ ಪೊಟ್ಟಣವನ್ನು ತಂದು ಅವಳ ಬಾಯಿಗೆ ಹಾಕಿದಳು. ಕಾಲು ಗಂಟೆಯಲ್ಲಿ ಹುಡುಗಿ ಚೇತರಿಸಿಕೊಂಡಳು. ಅವಳಿಗೆ ಚಿಕ್ಕಂದಿನಿಂದ ಸಿಹಿಮೂತ್ರ ರೋಗವಿದ್ದು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗಿತ್ತು. ಬೆಳಗಿನ ಔಷಧ ಎಂದಿನಷ್ಟೇ. ಓಟದಿಂದ ದೇಹ ಸುಟ್ಟ ಸಕ್ಕರೆ ಮಾತ್ರ ಎಂದಿಗಿಂತ ಹೆಚ್ಚು. ರಕ್ತದ ಸಕ್ಕರೆ ಇಳಿಯುತ್ತಲೇ ಹೋಯಿತು. ಔಷಧವು ತನ್ನ ಕೆಲಸವನ್ನು ನಿಲ್ಲಿಸಲಿಲ್ಲ.

ಮುಂದಿನ ವಾರ ವಿಜ್ಞಾನದ ಪಾಠದಲ್ಲಿ ಅವಳೇ ಎದ್ದುನಿಂತು ಕೇಳಿದಳು: “ಸಾರ್, ಸಕ್ಕರೆ ಕಡಿಮೆ ಆದಾಗ ಇನ್ಸುಲಿನ್ ತಾನಾಗೇ ಸುಮ್ಮನಾಗೋ ಹಾಗೆ ಮಾಡೋಕಾಗಲ್ವಾ?”

ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಓದಿ ನೋಡಿದಾಗ, ಇದು ರಸಾಯನಶಾಸ್ತ್ರಜ್ಞರನ್ನು ಹಲವು ದಶಕಗಳಿಂದ ಕಾಡುತ್ತಿರುವ ಪ್ರಶ್ನೆಯೇ ಎಂಬುದು ತಿಳಿಯಿತು. ಔಷಧವು ಸಕ್ಕರೆಗೆ ತಕ್ಕಂತೆ ನಡೆದುಕೊಳ್ಳಬೇಕಾದರೆ ಮೊದಲು ಅದು ಸಕ್ಕರೆಯನ್ನು ಗುರುತಿಸಬೇಕು. ಕಣ್ಣಿಲ್ಲದ, ಬುದ್ಧಿಯಿಲ್ಲದ ಅಣುವೊಂದು ಇನ್ನೊಂದು ಅಣುವನ್ನು ಗುರುತಿಸುವುದೆಂದರೇನು? ಅಂಥ ಅಣುವನ್ನು ಮನುಷ್ಯನು ತಾನೇ ಕಟ್ಟಬಲ್ಲನೆ? ಇದನ್ನು ಸ್ಥೂಲವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಗುರುತಿನ ಕಲ್ಪನೆ ಜರ್ಮನಿಯ ಎಮಿಲ್ ಫಿಷರನಿಂದ ಆರಂಭವಾಗುತ್ತದೆ. ಸಕ್ಕರೆಗಳ ರಚನೆಯನ್ನು ಬಿಡಿಸಿ ತೋರಿಸಿದ ಮಹಾನುಭಾವನೀತ. ಒಂದೇ ಸಕ್ಕರೆಯಿಂದ ಮಾಡಿದ ಎರಡು ವಸ್ತುಗಳು, ಒಂದು ಗುಂಪು ತಿರುಗಿ ನಿಂತ ದಿಕ್ಕಿನಲ್ಲಿ ಮಾತ್ರ ಭಿನ್ನವಾಗಿದ್ದಾಗ, ಒಂದು ಕಿಣ್ವವು ಮೊದಲನೆಯದನ್ನು ಮಾತ್ರ ಒಡೆಯುತ್ತಿತ್ತು. ಬೇರೊಂದು ಕಿಣ್ವವು ಎರಡನೆಯದನ್ನು ಮಾತ್ರ. ಇದನ್ನು ಕಂಡ ಫಿಷರ್ ೧೮೯೪ರಲ್ಲಿ, ಬೀಗಕ್ಕೆ ಬೀಗದ ಕೈ ಹೊಂದುವಂತೆ ಕಿಣ್ವಕ್ಕೂ ಅದು ಒಡೆಯುವ ವಸ್ತುವಿಗೂ ಆಕಾರದಲ್ಲಿ ಹೊಂದಿಕೆಯಿರಬೇಕೆಂದು ಬರೆದನು. ಈ ಉಪಮಾನ ಇಂದಿಗೂ ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಇದರಲ್ಲಿ ಒಂದು ಮಾತು ಅಡಗಿದೆ: ಒಳ್ಳೆಯ ಬೀಗದ ಗುಣ ತನ್ನ ಕೀಲಿಗೆ ತೆರೆದುಕೊಳ್ಳುವುದಷ್ಟೇ ಅಲ್ಲ, ಬೇರೆ ಕೀಲಿಗಳಿಗೆ ತೆರೆಯದಿರುವುದೂ ಹೌದು. ಎಲ್ಲವನ್ನೂ ಹಿಡಿಯುವ ಅಣುವನ್ನು ಮಾಡುವುದು ಸುಲಭ. ಒಂದನ್ನೇ ಹಿಡಿದು ಉಳಿದವನ್ನು ಬಿಡುವ ಅಣುವನ್ನು ಮಾಡುವುದೇ ಕಷ್ಟ.

ಕೃತಕವಾಗಿ ಇಂಥ ಬೀಗವನ್ನು ಮಾಡಬಹುದೆಂಬುದು ಒಂದು ಆಕಸ್ಮಿಕದಿಂದ ತಿಳಿಯಿತು. ಅಮೆರಿಕದ ಡುಪಾಂಟ್ ಕಂಪನಿಯಲ್ಲಿದ್ದ ಚಾರ್ಲ್ಸ್ ಪೆಡರ್‌ಸನ್ ಬೇರೇನನ್ನೋ ತಯಾರಿಸಲು ಹೊರಟಿದ್ದಾಗ, ಮೂಲದ್ರವ್ಯದಲ್ಲಿದ್ದ ಕಲ್ಮಶದ ದೆಸೆಯಿಂದ ಶೇಕಡಾ ೦.೪ರಷ್ಟು ಬಿಳಿಯ ಹರಳು ಹುಟ್ಟಿತು. ಬೇರೆಯವರಾಗಿದ್ದರೆ ಅದನ್ನು ಚರಂಡಿಗೆ ಚೆಲ್ಲುತ್ತಿದ್ದರೋ ಏನೋ! ಆತ ಅದನ್ನು ಪರೀಕ್ಷಿಸಿದ. ಅದು ಹದಿನೆಂಟು ಪರಮಾಣುಗಳ ಬಳೆ. ಅವುಗಳಲ್ಲಿ ಆರು ಆಮ್ಲಜನಕದವು. ಬಳೆಯ ನಡುವಣ ಕುಳಿಯಲ್ಲಿ ಪೊಟ್ಯಾಸಿಯಂ ಅಯಾನು ಅಚ್ಚುಕಟ್ಟಾಗಿ ಕೂರುತ್ತಿತ್ತು. ೧೯೬೭ರಲ್ಲಿ ಆತ ಇದನ್ನು ಪ್ರಕಟಿಸಿದನು. ಅಮೆರಿಕದ ಡೊನಾಲ್ಡ್ ಕ್ರಾಮ್ ಮತ್ತು ಫ್ರಾನ್ಸಿನ ಜಾನ್-ಮಾರಿ ಲೆನ್ ಈ ದಾರಿಯನ್ನು ಮುಂದುವರಿಸಿದರು. ಮೂವರಿಗೂ ೧೯೮೭ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಪೆಡರ್‌ಸನ್ನನಿಗೆ ಡಾಕ್ಟರೇಟ್ ಪದವಿಯಿರಲಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳುವುದು ಒಳ್ಳೆಯದು. ಕ್ರಾಮನು ಎತ್ತಿಹಿಡಿದ ತತ್ತ್ವವೂ ಮುಖ್ಯವಾದದ್ದು: ಅತಿಥಿ ಬಂದ ಮೇಲೆ ಮನೆಯನ್ನು ಸಜ್ಜುಗೊಳಿಸುವುದಲ್ಲ, ಬರುವ ಮುನ್ನವೇ ಕುಳಿಯು ಸರಿಯಾದ ಆಕಾರದಲ್ಲಿ ಬಿಗಿಯಾಗಿ ನಿಂತಿರಬೇಕು. ಆಗ ಹಿಡಿತ ಬಲವಾಗುತ್ತದೆ.

ಪೊಟ್ಯಾಸಿಯಂ ಧನ ವಿದ್ಯುದಂಶವುಳ್ಳ ಅಯಾನು. ಅಡಿಗೆಯ ಉಪ್ಪನ್ನು ನೀರಿಗೆ ಹಾಕಿದರೆ ಸೋಡಿಯಂ ಧನ ಅಯಾನಾಗಿಯೂ ಕ್ಲೋರೈಡ್ ಋಣ ಅಯಾನಾಗಿಯೂ ಬೇರ್ಪಡುವುದನ್ನು ನಾವೆಲ್ಲ ಪಾಠ ಮಾಡುತ್ತೇವೆ. ಧನ ಅಯಾನುಗಳನ್ನು ಹಿಡಿದವರು ಋಣ ಅಯಾನುಗಳನ್ನೂ ಸುಲಭವಾಗಿ ಹಿಡಿಯಬಹುದಾಗಿತ್ತಲ್ಲವೆ? ಹಾಗಾಗಲಿಲ್ಲ. ೧೯೬೮ರಲ್ಲಿಯೇ ಪಾರ್ಕ್ ಮತ್ತು ಸಿಮನ್ಸ್ ಎಂಬಿಬ್ಬರು ಸಾರಜನಕದ ಎರಡು ತುದಿಗಳುಳ್ಳ ಪಂಜರದೊಳಗೆ ಕ್ಲೋರೈಡನ್ನು ಕೂರಿಸಿ ತೋರಿಸಿದ್ದರೂ ಈ ಶಾಖೆ ನಿಧಾನವಾಗಿಯೇ ಬೆಳೆಯಿತು.

ಕಾರಣಗಳು ಹಲವು. ಮೊದಲನೆಯದಾಗಿ, ಋಣ ಅಯಾನುಗಳು ಗಾತ್ರದಲ್ಲಿ ದೊಡ್ಡವು. ಅವುಗಳಲ್ಲಿ ತೀರ ಚಿಕ್ಕವುಗಳಲ್ಲೊಂದಾದ ಫ್ಲೋರೈಡ್ ಕೂಡ ಹೆಚ್ಚುಕಡಮೆ ಪೊಟ್ಯಾಸಿಯಂ ಅಯಾನಿನಷ್ಟಿದೆ. ದೊಡ್ಡದಾದಷ್ಟೂ ವಿದ್ಯುದಂಶ ತೆಳುವಾಗಿ ಹರಡಿಕೊಂಡು ಆಕರ್ಷಣೆ ಕುಂದುತ್ತದೆ. ಎರಡನೆಯದು ಆಕಾರ. ಕ್ಲೋರೈಡ್ ಗೋಲಿಯಂತೆ ದುಂಡು. ನೈಟ್ರೇಟು ತಟ್ಟೆಯಂತೆ ಚಪ್ಪಟೆ, ಮೂರು ಮೂಲೆ. ಸಲ್ಫೇಟ್ ಮತ್ತು ಫಾಸ್ಫೇಟ್ ನಾಲ್ಕು ಮೂಲೆಯ ಘನಾಕೃತಿಗಳು. ಒಂದೊಂದಕ್ಕೂ ಬೇರೆ ಬೇರೆ ಮನೆ ಬೇಕು. ಮೂರನೆಯದಾಗಿ, ನೀರು ಅವುಗಳನ್ನು ಸುತ್ತುವರಿದು ಬಿಗಿದಪ್ಪಿಕೊಂಡಿರುತ್ತದೆ. ನೀರಿನ ತೋಳಿನಿಂದ ಬಿಡಿಸಿಕೊಳ್ಳದೆ ಅವು ನಮ್ಮ ಕುಳಿಗೆ ಬಾರವು.

ಪ್ರಕೃತಿ ಈ ತೊಡಕನ್ನು ಬಿಡಿಸಿಕೊಂಡಿದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಸಲ್ಫೇಟನ್ನು ಹಿಡಿಯುವ ಒಂದು ಪ್ರೋಟೀನು, ಫಾಸ್ಫೇಟನ್ನು ಹಿಡಿಯುವ ಇನ್ನೊಂದು ಪ್ರೋಟೀನು ಇವೆ. ಮೊದಲನೆಯದು ಏಳು ಜಲಜನಕ ಬಂಧಗಳಿಂದ ಸಲ್ಫೇಟನ್ನು ಸುತ್ತ ಹಿಡಿಯುತ್ತದೆಂದು ೧೯೮೫ರಲ್ಲಿ ಕಂಡುಬಂದಿತು. ಜಲಜನಕ ಬಂಧವೆಂದರೆ, ಒಂದು ಅಣುವಿನ ಜಲಜನಕಕ್ಕೂ ಇನ್ನೊಂದರ ಆಮ್ಲಜನಕ, ಸಾರಜನಕಗಳಂಥ ಪರಮಾಣುವಿಗೂ ಏರ್ಪಡುವ ಮೆಲುವಾದ ಸೆಳೆತ. ಸಲ್ಫೇಟೂ ಫಾಸ್ಫೇಟೂ ಆಕಾರದಲ್ಲಿ ಅವಳಿಜವಳಿ. ಆದರೆ ದೇಹದ್ರವದಲ್ಲಿ ಫಾಸ್ಫೇಟಿನ ಮೇಲೆ ಒಂದು ಜಲಜನಕ ಉಳಿದಿರುತ್ತದೆ, ಸಲ್ಫೇಟಿನ ಮೇಲೆ ಇರುವುದಿಲ್ಲ. ಫಾಸ್ಫೇಟ್ ಪ್ರೋಟೀನು ತನ್ನ ಕುಳಿಯಲ್ಲಿ ಒಂದು ಋಣಾಂಶವನ್ನು ಇರಿಸಿಕೊಂಡಿದೆ. ಅದು ಫಾಸ್ಫೇಟಿನ ಜಲಜನಕವನ್ನು ಬರಮಾಡಿಕೊಳ್ಳುತ್ತದೆ; ಜಲಜನಕವಿಲ್ಲದ ಸಲ್ಫೇಟನ್ನು ಹೊರದೂಡುತ್ತದೆ. ಗುರುತಿಸುವಿಕೆಯಲ್ಲಿ ತಿರಸ್ಕಾರಕ್ಕೂ ಸ್ಥಾನವಿದೆಯೆಂದು ಮೇಲೆ ಹೇಳಿದುದಕ್ಕೆ ಇದು ಸುಂದರ ನಿದರ್ಶನ.

ಮನುಷ್ಯನ ಪ್ರಯತ್ನಗಳಲ್ಲಿ ಒಂದರ ಕಥೆ ಸ್ವಾರಸ್ಯವಾದುದು. ಫಿಷರನ ಗುರುವಾದ ಅಡಾಲ್ಫ್ ಬೇಯರ್ ೧೮೮೬ರಲ್ಲಿ ಪಿರೋಲ್ ಎಂಬ ಸಾರಜನಕಯುಕ್ತ ವಸ್ತುವನ್ನು ಅಸಿಟೋನಿನೊಡನೆ ಸೇರಿಸಿ ಒಂದು ಹರಳನ್ನು ಪಡೆದಿದ್ದನು. ನಾಲ್ಕು ಪಿರೋಲುಗಳು ಸರಪಣಿಯಾಗಿ ಸುತ್ತಿಕೊಂಡ ಬಳೆಯದು. ೧೯೯೬ರಲ್ಲಿ ಅಮೆರಿಕದ ಟೆಕ್ಸಾಸಿನ ಜೊನಾಥನ್ ಸೆಸ್ಲರ್ ಮತ್ತು ಸಂಗಡಿಗರು ಅದು ಫ್ಲೋರೈಡ್, ಕ್ಲೋರೈಡುಗಳನ್ನು ಹಿಡಿಯುತ್ತದೆಂದು ತೋರಿಸಿದರು. ಅಯಾನು ಹತ್ತಿರ ಬಂದರೆ ಬಳೆಯು ಬಟ್ಟಲಿನಂತೆ ಮಡಚಿಕೊಂಡು ತನ್ನ ನಾಲ್ಕು ಜಲಜನಕಗಳನ್ನೂ ಅತ್ತ ಚಾಚುತ್ತದೆ. ನೂರಹತ್ತು ವರ್ಷ ವಸ್ತು ಕೈಯಲ್ಲಿದ್ದರೂ ಅದರ ಗುಣ ಯಾರಿಗೂ ತಿಳಿದಿರಲಿಲ್ಲ! ೨೦೧೯ರಲ್ಲಿ ಇಂಡಿಯಾನಾದ ಅಮರ್ ಫ್ಲಡ್ ಎಂಬವರ ಗುಂಪು ಕ್ಲೋರೈಡನ್ನು ಅಸಾಧಾರಣ ಬಲದಿಂದ ಹಿಡಿಯುವ ಪಂಜರವೊಂದನ್ನು ಕಟ್ಟಿತು. ಅದರ ಹಿಡಿತವೆಲ್ಲ ಇಂಗಾಲಕ್ಕೆ ಅಂಟಿದ ಜಲಜನಕಗಳಿಂದ. ಅಂಥವು ಬಂಧಕ್ಕೆ ತೀರ ದುರ್ಬಲವೆಂದು ಬಹುಕಾಲ ಎಣಿಸಲಾಗಿತ್ತು.

ಇದನ್ನು ಓದುವಾಗ ನಮ್ಮ ರಾಯದುರ್ಗ–ಮಡಕಶಿರಾ ಸೀಮೆಯವರಿಗೆ ಸಹಜವಾಗಿ ಒಂದು ಆಸೆ ಹುಟ್ಟುತ್ತದೆ. ಹಳೆಯ ಅನಂತಪುರ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡಿನಿಂದ ಹಲ್ಲು ಕಂದಿದ ಮಕ್ಕಳನ್ನು ನಾವು ದಿನವೂ ತರಗತಿಯಲ್ಲಿ ಕಾಣುತ್ತೇವೆ. ಫ್ಲೋರೈಡನ್ನೇ ಆರಿಸಿ ಹಿಡಿಯುವ ಅಣುವಿದ್ದರೆ ಅದನ್ನು ಕೊಡದಲ್ಲಿ ಹಾಕಬಾರದೆ? ಲೆಕ್ಕ ಹಾಕಿ ನೋಡೋಣ. ಬೇರೆ ನೀರಿಲ್ಲದ ಕಡೆ ಲೀಟರಿಗೆ ೧.೫ ಮಿಲಿಗ್ರಾಮಿನವರೆಗೆ ಫ್ಲೋರೈಡಿರಬಹುದೆಂದು ಭಾರತದ ಮಾನಕ ಹೇಳುತ್ತದೆ. ಅಷ್ಟಿರುವ ನೀರಿನಲ್ಲಿ ಸುಮಾರು ಏಳು ಲಕ್ಷ ನೀರಿನ ಅಣುಗಳಿಗೆ ಒಂದು ಫ್ಲೋರೈಡ್ ಅಯಾನು. ಜೊತೆಗೆ ಕ್ಲೋರೈಡ್, ಬೈಕಾರ್ಬೊನೇಟ್, ಸಲ್ಫೇಟುಗಳು ಅದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತವೆ. ಮೇಲೆ ಹೇಳಿದ ಬಟ್ಟಲೂ ಪಂಜರವೂ ತಮ್ಮ ಬಲವನ್ನು ತೋರಿಸಿದ್ದು ನೀರಿನಲ್ಲಲ್ಲ, ನೀರಿನ ಕಾಟವಿಲ್ಲದ ಸಾವಯವ ದ್ರಾವಕಗಳಲ್ಲಿ. ಆದುದರಿಂದ ಫ್ಲೋರೈಡ್ ತೆಗೆಯಲು ಪಟಿಕ ಮತ್ತು ಸುಣ್ಣದ ನಲ್ಗೊಂಡ ವಿಧಾನ, ಅಲ್ಯೂಮಿನಾ ಪುಡಿ, ಪೊರೆಯ ಶೋಧಕ ಮುಂತಾದವುಗಳನ್ನೇ ನೆಚ್ಚಬೇಕಾಗಿದೆ.

ಈಗ ಸಕ್ಕರೆಗೆ ಬರೋಣ. ಇಲ್ಲಿ ಕಷ್ಟ ಇಮ್ಮಡಿ. ಋಣ ಅಯಾನಿಗೆ ವಿದ್ಯುದಂಶವಾದರೂ ಇದೆ. ಗ್ಲೂಕೋಸಿಗೆ ಅದೂ ಇಲ್ಲ. ಅದರ ಮೈಮೇಲೆ ಇರುವುದು ಐದು ಹೈಡ್ರಾಕ್ಸಿಲ್ ಗುಂಪುಗಳು, ಎಂದರೆ ಆಮ್ಲಜನಕ ಮತ್ತು ಜಲಜನಕದ ಜೋಡಿಗಳು. ನೀರೆಂದರೂ ಇವೇ ಎರಡು ಧಾತುಗಳಲ್ಲವೆ? ಹೀಗಾಗಿ ನೀರಿನ ಗುಂಪಿನಲ್ಲಿ ಸಕ್ಕರೆಯು ನೀರಿನದೇ ವೇಷ ತೊಟ್ಟು ನಿಂತಂತೆ. ಊಟಕ್ಕೆ ಮುಂಚೆ ಆರೋಗ್ಯವಂತನ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು ೯೦ ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಸುಮಾರು ಹನ್ನೊಂದು ಸಾವಿರ ನೀರಿನ ಅಣುಗಳಿಗೆ ಒಂದು ಗ್ಲೂಕೋಸ್ ಎಂದಾಯಿತು. ಮೇಲಾಗಿ ದಾಯಾದಿಗಳ ಕಾಟ: ಹಾಲಿನ ಸಕ್ಕರೆಯಿಂದ ಬರುವ ಗ್ಯಾಲಕ್ಟೋಸ್ ಎಂಬುದು ಐದರಲ್ಲಿ ಒಂದೇ ಗುಂಪಿನ ದಿಕ್ಕಿನಲ್ಲಿ ಗ್ಲೂಕೋಸಿಗಿಂತ ಭಿನ್ನ.

ಈ ಕೋಟೆಗೆ ರಸಾಯನಜ್ಞರು ಎರಡು ಕಡೆಯಿಂದ ಲಗ್ಗೆ ಹಾಕಿದರು. ಮೊದಲನೆಯ ದಾರಿಯನ್ನು ನಮ್ಮ ಶಾಲೆಗಳಲ್ಲಿಯೇ ಪ್ರಯೋಗ ಮಾಡಿ ತೋರಿಸಬಹುದು. ಗಾಜಿನ ಲೋಟದ ನೀರಿನಲ್ಲಿ ಬಿಳಿಗಾರದ ಚಿಟಿಕೆಯನ್ನು ಕರಗಿಸಿ ಎರಡು ತೊಟ್ಟು ಫಿನಾಫ್ತಲೀನ್ ಹಾಕಿರಿ, ನೀರು ಗುಲಾಬಿಯಾಗುತ್ತದೆ. ಗ್ಲಿಸರಿನ್ನನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಬಂದರೆ ಬಣ್ಣ ಮಾಯವಾಗುತ್ತದೆ. ಆ ಲೋಟವನ್ನು ಬಿಸಿಮಾಡಿದರೆ ಗುಲಾಬಿ ಮರಳುತ್ತದೆ. ತಣಿದರೆ ಮತ್ತೆ ಹೋಗುತ್ತದೆ. ಬಿಳಿಗಾರದಲ್ಲಿರುವ ಬೋರಾನ್, ಗ್ಲಿಸರಿನ್ನಿನ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ಇಕ್ಕುಳದಂತೆ ಹಿಡಿದಾಗ ದ್ರಾವಣದ ಕ್ಷಾರಗುಣ ತಗ್ಗಿ ಬಣ್ಣ ಹೋಯಿತು; ಕಾವಿನಲ್ಲಿ ಹಿಡಿತ ಸಡಿಲಿ ಬಣ್ಣ ಬಂದಿತು. ಬಿಳಿಗಾರ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಂಡರೆ ಸಾಕು. ಇದಕ್ಕಿಂತ ಅಗ್ಗದ ಪ್ರಯೋಗ ಸಿಕ್ಕಲಾರದು.

ಸಕ್ಕರೆಗಳಲ್ಲಿಯೂ ಅಂಥ ಅಕ್ಕಪಕ್ಕದ ಗುಂಪುಗಳಿರುವುದರಿಂದ ಬೋರಾನಿನ ಆಮ್ಲಗಳು ಅವುಗಳನ್ನೂ ಹಿಡಿಯುತ್ತವೆ. ಆದರೆ ಒಂಟಿ ಇಕ್ಕುಳಕ್ಕೆ ಗ್ಲೂಕೋಸಿಗಿಂತ ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿನ ಮೇಲೆಯೇ ಹೆಚ್ಚು ಒಲವು. ೧೯೯೦ರ ದಶಕದಲ್ಲಿ ಜಪಾನಿನ ಸೆಯ್‌ಜಿ ಶಿಂಕಾಯ್, ಅವರೊಡನೆ ದುಡಿದ ಟೋನಿ ಜೇಮ್ಸ್ ಮೊದಲಾದವರು ಒಂದೇ ಅಣುವಿನಲ್ಲಿ ಎರಡು ಇಕ್ಕುಳಗಳನ್ನು ಗ್ಲೂಕೋಸಿನ ಅಳತೆಗೆ ಸರಿಯಾದ ದೂರದಲ್ಲಿ ನಿಲ್ಲಿಸಿ ಆ ಒಲವನ್ನು ಗ್ಲೂಕೋಸಿನ ಕಡೆ ತಿರುಗಿಸಿದರು. ಸಕ್ಕರೆ ಸಿಕ್ಕೊಡನೆ ಅಣು ಬೆಳಕು ಬೀರುವಂತೆಯೂ ಮಾಡಿದರು. ತೋಳಿನ ಚರ್ಮದಡಿಯಲ್ಲಿ ಹುದುಗಿಸಿಡುವ, ೨೦೧೮ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಸಕ್ಕರೆಮಾಪಕ ಬೋರಾನಿನ ಈ ಗುಣವನ್ನೇ ಅವಲಂಬಿಸಿದೆ.

ಎರಡನೆಯ ದಾರಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಂಥೊನಿ ಡೇವಿಸ್ ಅವರದು. ಅವರು ಗ್ಲೂಕೋಸಿನ ಮೈಕಟ್ಟನ್ನು ಗಮನಿಸಿದರು. ಅದರ ಉಂಗುರ ಹೆಚ್ಚುಕಡಮೆ ಚಪ್ಪಟೆ. ಹೈಡ್ರಾಕ್ಸಿಲ್ ಗುಂಪುಗಳೆಲ್ಲ ಅಂಚಿನಿಂದ ಹೊರಕ್ಕೆ ಚಾಚಿರುತ್ತವೆ. ಮೇಲೆ ಕೆಳಗೆ ಇರುವುದು ಇಂಗಾಲಕ್ಕೆ ಅಂಟಿದ, ನೀರಿಗೊಗ್ಗದ ಜಲಜನಕಗಳು. ಗ್ಲೂಕೋಸಿನಂತೆ ಎಲ್ಲ ಗುಂಪುಗಳೂ ಅಂಚಿಗೇ ನಿಂತಿರುವುದು ಬೇರೆ ಸಕ್ಕರೆಗಳಲ್ಲಿ ಅಪರೂಪ. ಹಾಗಾದರೆ ಮನೆ ಹೇಗಿರಬೇಕು? ನೆಲ ಮತ್ತು ಸೂರು ನೀರಿಗೊಗ್ಗದ ಜಿಡ್ಡಿನ ಚಪ್ಪಡಿಗಳಾಗಿರಬೇಕು; ನಡುವಣ ಕಂಬಗಳು ಜಲಜನಕ ಬಂಧಗಳನ್ನು ನೀಡಬಲ್ಲವಾಗಿರಬೇಕು. ಒಂದು ಸಣ್ಣ ಕಲ್ಲುಮಂಟಪದಂತೆ ಎನ್ನಬಹುದು. ಒಂದು ಗುಂಪು ಅಂಚಿನಲ್ಲಿರದೆ ಮೇಲಕ್ಕೆ ನಿಂತಿದ್ದರೆ ಅಂಥ ಸಕ್ಕರೆಯ ತಲೆ ಸೂರಿಗೆ ತಗಲುತ್ತದೆ, ಒಳಗೆ ಹೋಗಲಾರದು.

ಹೇಳುವುದು ಸುಲಭ; ಕಟ್ಟುವುದಕ್ಕೆ ಎರಡು ದಶಕಗಳು ಬೇಕಾದವು. ೧೯೯೮ರ ಮೊದಲ ಮಂಟಪ ಸಾವಯವ ದ್ರಾವಕದಲ್ಲಿ ಕೆಲಸ ಮಾಡಿತು. ೨೦೦೭ರಲ್ಲಿ ಎರಡು ಉಂಗುರಗಳ ಸಕ್ಕರೆಯನ್ನು ನೀರಿನಲ್ಲಿಯೇ ಹಿಡಿಯುವ ಮಂಟಪ ಬಂದಿತು. ೨೦೧೨ರಲ್ಲಿ ಗ್ಲೂಕೋಸಿಗೆಂದೇ ಸರಳವಾದುದೊಂದನ್ನು ಮಾಡಿದರು, ಹಿಡಿತ ಸಾಲದಾಯಿತು. ೨೦೧೯ರಲ್ಲಿ ಪ್ರಕಟವಾದ ಮಂಟಪಕ್ಕೆ ಬೆನ್ಜೀನ್ ಉಂಗುರಗಳೇ ನೆಲ ಮತ್ತು ಸೂರು. ಒಂದೊಂದರಲ್ಲಿ ಎರಡೆರಡು ಯೂರಿಯಾ ಘಟಕಗಳಿರುವ ಮೂರು ಕಂಬಗಳು. ಇದು ಗ್ಲೂಕೋಸನ್ನು ನೀರಿನಲ್ಲಿ ಹಿಂದಿನದಕ್ಕಿಂತ ನೂರಾರು ಪಾಲು ಬಲವಾಗಿ ಹಿಡಿಯಿತು. ಬಹುತೇಕ ಇತರ ಸಕ್ಕರೆಗಳಿಗಿಂತ ಗ್ಲೂಕೋಸಿನ ಮೇಲೆ ಇದರ ಒಲವು ಸುಮಾರು ನೂರು ಪಾಲು ಹೆಚ್ಚು. ಹೊಲಕ್ಕೆ ಹಾಕುವ ಯೂರಿಯಾದ ಮಾದರಿಯ ಜೋಡಣೆಯೇ ಗ್ಲೂಕೋಸನ್ನು ಹಿಡಿಯುವ ಕೈಗಳಾದುದು ಸೋಜಿಗವಲ್ಲವೆ?

ಇನ್ನು ನಮ್ಮ ಹುಡುಗಿಯ ಪ್ರಶ್ನೆ. ಇನ್ಸುಲಿನ್ನನ್ನು ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರು ೧೯೨೧ರಲ್ಲಿ ಬೇರ್ಪಡಿಸಿದರು. ೧೯೨೨ರ ಜನವರಿಯಲ್ಲಿ ಮೊದಲ ರೋಗಿಗೆ ಕೊಟ್ಟರು. ಅಂದಿನಿಂದ ಅದು ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಚುಚ್ಚಿದ ಇನ್ಸುಲಿನ್ ಕುರುಡು. ಸಕ್ಕರೆ ಹೆಚ್ಚಿದ್ದರೂ ಕಡಮೆಯಿದ್ದರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ರಾತ್ರಿ ನಿದ್ದೆಯಲ್ಲಿ ಸಕ್ಕರೆ ಇಳಿದರೆ ಪ್ರಾಣಕ್ಕೇ ಅಪಾಯ.

೨೦೨೪ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿಯ ಸಂಶೋಧಕರು ಮತ್ತು ಅವರ ಸಹಕಾರಿಗಳು ಒಂದು ಹೊಸ ಇನ್ಸುಲಿನ್ನಿನ ವರದಿಯನ್ನು ಪ್ರಕಟಿಸಿದರು. ಬ್ರಿಸ್ಟಲ್ಲಿನ ಕೆಲಸದಿಂದ ಹುಟ್ಟಿದ ಕಂಪನಿಯೊಂದನ್ನು ಇವರು ೨೦೧೮ರಲ್ಲಿ ಕೊಂಡಿದ್ದರು. ಈ ಇನ್ಸುಲಿನ್ನಿನ ಒಂದು ಕಡೆ ಗ್ಲೂಕೋಸನ್ನು ಹಿಡಿಯುವ ಬಳೆಯನ್ನು ಜೋಡಿಸಿದ್ದಾರೆ. ಇನ್ನೊಂದು ಕಡೆ ಗ್ಲೂಕೋಸಿನಿಂದ ಮಾಡಿದ ಗ್ಲೂಕೋಸೈಡ್ ಎಂಬ ತುಣುಕನ್ನು. ರಕ್ತದಲ್ಲಿ ಸಕ್ಕರೆ ಕಡಮೆಯಿದ್ದಾಗ ಆ ತುಣುಕೇ ಬಳೆಯೊಳಗೆ ಕೂತು, ಇನ್ಸುಲಿನ್ ಕೊಂಡಿ ಹಾಕಿಕೊಂಡಂತೆ ಮುಚ್ಚಿಕೊಳ್ಳುತ್ತದೆ, ಕೆಲಸ ತಗ್ಗುತ್ತದೆ. ಸಕ್ಕರೆ ಏರಿದಾಗ ರಕ್ತದ ಗ್ಲೂಕೋಸ್ ನುಗ್ಗಿ ತುಣುಕನ್ನು ಹೊರಡಿಸಿ ತಾನು ಬಳೆಯಲ್ಲಿ ಕೂರುತ್ತದೆ. ಕೊಂಡಿ ಕಳಚಿ ಇನ್ಸುಲಿನ್ ಚುರುಕಾಗುತ್ತದೆ. ಡೆಸಿಲೀಟರಿಗೆ ಸುಮಾರು ೫೪ ಮಿಲಿಗ್ರಾಮಿನಿಂದ ೩೬೦ ಮಿಲಿಗ್ರಾಮಿಗೆ ಗ್ಲೂಕೋಸ್ ಏರಿದಾಗ, ಇನ್ಸುಲಿನ್ ತನ್ನ ಗ್ರಾಹಕವನ್ನು ಹಿಡಿಯುವ ಶಕ್ತಿ ೩.೨ ಪಟ್ಟು ಹೆಚ್ಚಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬಳೆಯ ಹಿಡಿತ ಅತಿ ಬಲವಾಗಿದ್ದರೆ, ಒಮ್ಮೆ ಹಿಡಿದ ಗ್ಲೂಕೋಸನ್ನು ಅದು ಬಿಡುತ್ತಲೇ ಇರಲಿಲ್ಲ. ಕೊಂಡಿ ಸದಾ ಕಳಚಿಯೇ ಇರುತ್ತಿತ್ತು, ಔಷಧ ಮತ್ತೆ ಕುರುಡಾಗುತ್ತಿತ್ತು. ದುರ್ಬಲವಾಗಿದ್ದರೆ ಗ್ಲೂಕೋಸ್ ಬಂದುದೇ ತಿಳಿಯುತ್ತಿರಲಿಲ್ಲ. ಬಿಳಿಗಾರದ ಲೋಟದಲ್ಲಿ ಬಣ್ಣ ಹೋಗಿ ಬಂದಂತೆ, ಹಿಡಿಯುವುದೂ ಬಿಡುವುದೂ ಎರಡೂ ನಡೆದರೆ ಮಾತ್ರ ಅಣುವಿಗೆ ಸಕ್ಕರೆಯ ಏರಿಳಿತ ತಿಳಿಯುತ್ತದೆ.

೨೦೨೪ರ ಆ ವರದಿ ಇಲಿ ಮತ್ತು ಹಂದಿಗಳ ಮೇಲಿನ ಪ್ರಯೋಗದ್ದು. ಪ್ರಾಣಿಗಳಿಂದ ಮನುಷ್ಯನವರೆಗಿನ ದಾರಿ ದೀರ್ಘ. ಎಷ್ಟೋ ಔಷಧಗಳು ನಡುದಾರಿಯಲ್ಲಿಯೇ ನಿಂತುಹೋಗಿವೆ. ಆದುದರಿಂದ ಆ ಹುಡುಗಿಗೆ ನಾನು ಭರವಸೆಯ ಮಾತನ್ನು ಅಳತೆಯಲ್ಲಿಯೇ ಹೇಳಿದೆ: “ನೀನು ಕೇಳಿದ್ದು ಸರಿಯಾದ ಪ್ರಶ್ನೆ ಕಣಮ್ಮ. ಅದನ್ನೇ ಕೇಳಿಕೊಂಡು ದೊಡ್ಡವರು ಕೆಲಸ ಮಾಡ್ತಿದ್ದಾರೆ. ಅಲ್ಲಿಯವರೆಗೆ ರಕ್ತದ ಪರೀಕ್ಷೆ ಬಿಡಬೇಡ, ಚೀಲದಲ್ಲಿ ಸಕ್ಕರೆ ಇರಲಿ.” ಈಗ ನಮ್ಮ ಉಪಾಧ್ಯಾಯರ ಕೊಠಡಿಯ ಬೀರುವಿನಲ್ಲಿಯೂ ಒಂದು ಸಕ್ಕರೆಯ ಡಬ್ಬಿ ಇದೆ. ಅಂಥ ಮಗು ನಿಮ್ಮ ಶಾಲೆಯಲ್ಲಿಯೂ ಇರಬಹುದು. ಬೆವರು, ನಡುಕ, ಮಂಕು ಕಂಡಾಗ ಬಿಸಿಲೆಂದು ತಿಳಿದು ಸುಮ್ಮನಿರದೆ, ಎಚ್ಚರವಿರುವಾಗಲೇ ಸಕ್ಕರೆ ಕೊಟ್ಟು ಕೂಡಲೆ ವೈದ್ಯರಿಗೆ ತಿಳಿಸಬೇಕೆಂದು ಸಹೋದ್ಯೋಗಿ ಮಿತ್ರರಲ್ಲಿ ನನ್ನ ವಿನಂತಿ. ಅಣುಗಳು ಗುರುತಿಸುವುದನ್ನು ಕಲಿಯುವವರೆಗೆ ಆ ಕೆಲಸ ನಮ್ಮದೇ.